ಪಿಯುಸಿ ಮುಗಿಯಿತು, ಕ್ಯಾಮೆರಾ ಇದೆ, ದುಡ್ಡು ಕಡಿಮೆ: ಹಂಪಿ, ಬಾದಾಮಿಗೆ ಹೋಗಿ ಬರುವುದು ಹೇಗೆ?

ದ್ವಿತೀಯ ಪಿಯುಸಿ ಪರೀಕ್ಷೆ, ಸಿಇಟಿ ಎರಡೂ ಮುಗಿದು ಕೌನ್ಸೆಲಿಂಗ್ ಶುರುವಾಗುವ ತನಕ ಕೆಲವು ವಾರಗಳ ಬಿಡುವು ಸಿಗುತ್ತದೆ. ಓದಲು ಪುಸ್ತಕವಿಲ್ಲ, ಹಾಜರಿಯ ಕಾಟವಿಲ್ಲ. ಇಂಥ ಬಿಡುವು ಮತ್ತೆ ಸಿಗುವುದು ಕಷ್ಟ. ಆದರೆ ಆ ಹೊತ್ತಿಗೆ ಕೈಯಲ್ಲಿರುವುದು ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಬಂಧುಗಳು ಕೊಟ್ಟು ಉಳಿದ ನಾಲ್ಕೈದು ಸಾವಿರ ರೂಪಾಯಿ ಮತ್ತು ಮಾವನೋ ಅಣ್ಣನೋ ಬಳಸಿ ಬಿಟ್ಟ ಒಂದು ಹಳೆಯ ಕ್ಯಾಮೆರಾ. ಅಷ್ಟರಲ್ಲೇ ಒಂದು ವಾರ ತಿರುಗಿ ಒಳ್ಳೆಯ ಫೋಟೋ ತರಬಹುದೇ?

ತರಬಹುದು. ಅದಕ್ಕೆ ಒಂದು ಲೆಕ್ಕ ತಿಳಿದಿದ್ದರೆ ಸಾಕು. ಪ್ರವಾಸದ ಖರ್ಚು ಏರುವುದು ಊರಿಂದ ಊರಿಗೆ ಹಾರುವಾಗ. ಹೊಸ ಊರು ಎಂದರೆ ಹೊಸ ಬಸ್ ಟಿಕೆಟ್, ಹೊಸ ರೂಮು, ಹೊಸ ಆಟೊ. ಫೋಟೋ ಕೆಡುವುದೂ ಅದೇ ಕಾರಣಕ್ಕೆ. ಮಧ್ಯಾಹ್ನ 12ಕ್ಕೆ ಇಳಿದು 2ಕ್ಕೆ ಹೊರಟರೆ ಸಿಗುವುದು ನೆತ್ತಿಯ ಮೇಲಿನ ಬಿಸಿಲು ಮಾತ್ರ. ಒಂದೇ ಊರಿನಲ್ಲಿ ಮೂರು ಬೆಳಗು, ಮೂರು ಸಂಜೆ ಕಳೆದರೆ ಜೇಬೂ ಉಳಿಯುತ್ತದೆ, ಚಿತ್ರವೂ ಸಿಗುತ್ತದೆ. ಹಾಗಾಗಿ ಊರು ಎರಡೇ ಸಾಕು. ಉದಾಹರಣೆಗೆ ಹಂಪಿ ಮತ್ತು ಬಾದಾಮಿಯನ್ನು ತೆಗೆದುಕೊಳ್ಳೋಣ. ಎರಡಕ್ಕೂ ರೈಲಿದೆ, ಎರಡರಲ್ಲೂ ಬಯಲಿನಲ್ಲೇ ನೋಡುವಂಥದ್ದು ಧಾರಾಳವಾಗಿದೆ.

ದುಡ್ಡಿನ ಲೆಕ್ಕ

5,000 ರೂಪಾಯಿ ಇದೆ ಎಂದುಕೊಳ್ಳಿ. ಮೊದಲು 700 ರೂಪಾಯಿ ಪಕ್ಕಕ್ಕಿಡಿ. ಅದು ಜ್ವರ, ತಪ್ಪಿದ ರೈಲು, ಹರಿದ ಚಪ್ಪಲಿಗೆ. ಮನೆಗೆ ಮರಳುವ ತನಕ ಬೇರೆ ಖರ್ಚಿಗೆ ಮುಟ್ಟಬಾರದು. ಬೆಂಗಳೂರು ಕಡೆಯಿಂದ ಹೋಗಿಬರುವ ಸ್ಲೀಪರ್ ರೈಲಿಗೆ 800 ರೂಪಾಯಿ ಹಿಡಿಯಿರಿ. ಸ್ಥಳೀಯ ಬಸ್ಸು, ಸೈಕಲ್ ಬಾಡಿಗೆ, ಪ್ರವೇಶ ಟಿಕೆಟ್ಟುಗಳಿಗೆ ಸೇರಿಸಿ 500. ಉಳಿದದ್ದು 3,000. ಆರು ದಿನಕ್ಕೆ ಹಂಚಿದರೆ ದಿನಕ್ಕೆ 500: ಊಟಕ್ಕೆ 250, ರೂಮಿನ ಪಾಲಿಗೆ 250. ಇದು ಇಬ್ಬರು ಒಂದು ರೂಮು ಹಂಚಿಕೊಳ್ಳುವ ಲೆಕ್ಕ. ಒಬ್ಬರೇ ಹೋದರೆ ರೂಮಿನ ಖರ್ಚು ಇಮ್ಮಡಿಯಾಗುತ್ತದೆ. ಮೂವರಾದರೆ ಇನ್ನೂ ಇಳಿಯುತ್ತದೆ, ಆದರೆ ಎಲ್ಲರನ್ನೂ ಬೆಳಗಿನ ಐದಕ್ಕೆ ಎಬ್ಬಿಸುವುದು ಕಷ್ಟವಾಗುತ್ತದೆ. ಕ್ಯಾಮೆರಾ ಹಿಡಿದು ಹೊರಡುವವರಿಗೆ ಇಬ್ಬರ ಜೋಡಿಯೇ ಹಿತ.

ಈ ಲೆಕ್ಕದಲ್ಲಿ ಕೈಯಾಡಿಸಲು ಜಾಗ ಎಲ್ಲಿದೆ ನೋಡಿ. ಪ್ರವೇಶ ಟಿಕೆಟ್ ಚೌಕಾಸಿಗೆ ಬಗ್ಗುವುದಿಲ್ಲ. ಊಟದಲ್ಲಿ ಹೆಚ್ಚು ಕಡಿತ ಮಾಡಿದರೆ ಮೂರನೇ ದಿನ ಬೆಟ್ಟ ಹತ್ತಲು ಕಾಲು ಏಳುವುದಿಲ್ಲ. ಉಳಿತಾಯ ಹುಟ್ಟುವುದು ಪ್ರಯಾಣ ಮತ್ತು ತಂಗುವಿಕೆಯಲ್ಲಿ.

ರೈಲು, ಬಸ್ಸು

ರಾತ್ರಿ ರೈಲು ಎರಡು ಕೆಲಸ ಮಾಡುತ್ತದೆ: ಊರು ತಲುಪಿಸುತ್ತದೆ, ಒಂದು ರಾತ್ರಿಯ ರೂಮು ಬಾಡಿಗೆ ಉಳಿಸುತ್ತದೆ. ಮೈಸೂರು ಮತ್ತು ಹುಬ್ಬಳ್ಳಿ ನಡುವಿನ ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರು, ಬಳ್ಳಾರಿ ದಾಟಿ ಹೊಸಪೇಟೆಗೆ ಬರುತ್ತದೆ. ಹೊಸಪೇಟೆಯಿಂದ ಹಂಪಿ ಸುಮಾರು 13 ಕಿ.ಮೀ., ಸಾರಿಗೆ ಬಸ್ಸಿದೆ. ಹಂಪಿ ಮುಗಿಸಿ ಹೊಸಪೇಟೆಯಿಂದ ಗದಗ, ಗದಗದಿಂದ ಬಾದಾಮಿ. ಮರಳುವಾಗ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಇದೆ; ಅದು ವಿಜಯಪುರ, ಬಾಗಲಕೋಟೆ, ಬಾದಾಮಿ, ಗದಗ, ಹುಬ್ಬಳ್ಳಿ ದಾರಿಯಾಗಿ ಬೆಂಗಳೂರು, ಮೈಸೂರಿಗೆ ಬರುತ್ತದೆ. ಹೀಗೆ ಹೋದ ದಾರಿಯಲ್ಲೇ ಮರಳದೆ ಒಂದು ಸುತ್ತು ಹಾಕಬಹುದು.

ಮುಂಗಡ ಕಾಯ್ದಿರಿಸುವಿಕೆ ತೆರೆಯುವುದು ಪ್ರಯಾಣದ ದಿನಕ್ಕೆ 60 ದಿನ ಮೊದಲು. 2024ರ ನವೆಂಬರ್‌ವರೆಗೆ ಇದು 120 ದಿನ ಇತ್ತು. ಬೇಸಿಗೆ ರಜೆಯಲ್ಲಿ ಸ್ಲೀಪರ್ ಬೇಗ ತುಂಬುತ್ತದೆ, ಆದ್ದರಿಂದ ಪರೀಕ್ಷೆಯ ವೇಳಾಪಟ್ಟಿ ಕೈಗೆ ಬಂದಾಗಲೇ ದಿನ ಗೊತ್ತುಮಾಡಿ. ವೇಟಿಂಗ್ ಲಿಸ್ಟ್ ಟಿಕೆಟ್ ಇಟ್ಟುಕೊಂಡು ಸ್ಲೀಪರ್ ಬೋಗಿ ಹತ್ತುವಂತಿಲ್ಲ. ಟಿಟಿಇ ದಂಡ ಹಾಕಿ ಜನರಲ್ ಬೋಗಿಗೆ ಕಳಿಸಬಹುದು. ಆರ್‌ಎಸಿ ಸಿಕ್ಕಿದರೆ ಹತ್ತಬಹುದು, ಬದಿಯ ಸೀಟನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ಕೂರಬೇಕಾದೀತು. ಹಗಲಿನ ಸಣ್ಣ ದೂರಕ್ಕೆ ಜನರಲ್ ಟಿಕೆಟ್ಟೇ ಸಾಕು. ಅದನ್ನು ಫೋನಿನ ಆ್ಯಪ್‌ನಲ್ಲೂ ಕೊಳ್ಳಬಹುದು. 200 ಕಿ.ಮೀ. ಒಳಗಿನ ಜನರಲ್ ಟಿಕೆಟ್ ಕೊಂಡ ಮೇಲೆ ಬೇಗ ಹೊರಡಬೇಕು. ಅದು ದಿನವಿಡೀ ನಡೆಯುವ ಟಿಕೆಟ್ ಅಲ್ಲ.

ರೈಲ್ವೆ ದರ ಪಟ್ಟಿಯ ಒಂದು ಗುಣ ಬಹಳ ಜನರಿಗೆ ಗೊತ್ತಿಲ್ಲ. ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಬೀಳುವ ದರ ಇಳಿಯುತ್ತಾ ಹೋಗುತ್ತದೆ. ಎರಡು ತುಂಡು ಟಿಕೆಟ್ಟಿಗಿಂತ ಒಂದು ಉದ್ದದ ಟಿಕೆಟ್ ಅಗ್ಗ. ಇದರ ಜೊತೆಗೆ ಬ್ರೇಕ್ ಜರ್ನಿ ಎಂಬ ಹಳೆಯ ಸವಲತ್ತಿದೆ. 500 ಕಿ.ಮೀ.ಗಿಂತ ಉದ್ದದ ಟಿಕೆಟ್ ಇದ್ದರೆ, ಮೊದಲ 500 ಕಿ.ಮೀ. ದಾಟಿದ ಮೇಲೆ ನಡುವಿನ ಒಂದು ಊರಿನಲ್ಲಿ ಇಳಿದು ಗರಿಷ್ಠ 2 ದಿನ ಇದ್ದು ಅದೇ ಟಿಕೆಟ್ಟಿನಲ್ಲಿ ಮುಂದೆ ಹೋಗಬಹುದು. 1,000 ಕಿ.ಮೀ. ಮೀರಿದ ಟಿಕೆಟ್ಟಿಗೆ ಎರಡು ಸಲ ಇಳಿಯುವ ಅವಕಾಶ. ಬೆಂಗಳೂರಿನಿಂದ ಹುಬ್ಬಳ್ಳಿ ದಾರಿಯಾಗಿ ಬಾದಾಮಿ ಸುಮಾರು 600 ಕಿ.ಮೀ. ಆಗುವುದರಿಂದ, ವಿಜಯಪುರಕ್ಕೆ ಟಿಕೆಟ್ ಕೊಂಡು ಬಾದಾಮಿಯಲ್ಲಿ ಇಳಿಯುವ ಲೆಕ್ಕ ಸರಿಹೊಂದುತ್ತದೆ. ಇದಕ್ಕೆ ಕೌಂಟರಿನಲ್ಲಿ ಕೊಂಡ ಟಿಕೆಟ್ ಬೇಕು, ಇಳಿದ ಊರಿನ ಸ್ಟೇಷನ್ ಮಾಸ್ಟರ್ ಬಳಿ ಅದರ ಮೇಲೆ ಬರೆಸಿಕೊಳ್ಳಬೇಕು. ಹೊರಟ ಊರಿಗೇ ಮರಳುವ ದೊಡ್ಡ ಸುತ್ತಿಗೆ ಸರ್ಕ್ಯುಲರ್ ಜರ್ನಿ ಟಿಕೆಟ್ ಎಂಬುದೂ ಇದೆ. ಅದರಲ್ಲಿ ಗರಿಷ್ಠ 8 ಕಡೆ ಇಳಿಯಬಹುದು. ಒಟ್ಟು ದೂರವನ್ನು ಅರ್ಧಕ್ಕೆ ಸೀಳಿ, ಎರಡು ಉದ್ದದ ಟಿಕೆಟ್ ಎಂದು ಭಾವಿಸಿ ದರ ಕಟ್ಟುತ್ತಾರೆ. ಕೌಂಟರಿನಲ್ಲಿ ತಟ್ಟನೆ ಸಿಗುವಂಥದ್ದಲ್ಲ, ದಾರಿಯ ಪಟ್ಟಿ ಬರೆದುಕೊಂಡು ಮೊದಲೇ ದೊಡ್ಡ ನಿಲ್ದಾಣದಲ್ಲಿ ಕೇಳಬೇಕು. ದೇಶ ಸುತ್ತುವ ಆಸೆಯಿರುವವರಿಗೆ ಇದು ತಿಳಿದಿರಲಿ.

ಹುಡುಗಿಯರಿಗೆ ಕರ್ನಾಟಕದೊಳಗೆ ಇನ್ನೊಂದು ದಾರಿಯಿದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರು ಶೂನ್ಯ ಟಿಕೆಟ್ ಕೊಡುತ್ತಾರೆ. ರಾಜಹಂಸ, ಸ್ಲೀಪರ್, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸದು. ಅಂದರೆ ಪಿಯುಸಿ ಮುಗಿಸಿದ ಇಬ್ಬರು ಗೆಳತಿಯರು ಕೋಲಾರದಿಂದ ಬಾದಾಮಿಯವರೆಗೆ ಕೆಂಪು ಬಸ್ಸುಗಳನ್ನು ಬದಲಿಸುತ್ತಾ ಖರ್ಚಿಲ್ಲದೆ ಹೋಗಬಹುದು. ಹೊತ್ತು ಹೆಚ್ಚು ಹಿಡಿಯುತ್ತದೆ, ಹಗಲಲ್ಲೇ ಊರು ಮುಟ್ಟುವಂತೆ ದಾರಿ ಮುರಿದುಕೊಳ್ಳಬೇಕು.

ತಂಗುವುದು, ಉಣ್ಣುವುದು

ರೂಮು ಹುಡುಕುವ ಮೊದಲು ವಯಸ್ಸು ನೋಡಿಕೊಳ್ಳಿ. 18 ತುಂಬದವರಿಗೆ ಹಿರಿಯರು ಜೊತೆಗಿಲ್ಲದೆ ರೂಮು ಕೊಡಲು ಲಾಡ್ಜಿನವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಜೋಡಿಯಲ್ಲಿ ಒಬ್ಬರಿಗಾದರೂ 18 ಆಗಿರಲಿ, ಅಪ್ಪ ಅಮ್ಮನ ಫೋನ್ ನಂಬರು ಕೊಡಲು ಸಿದ್ಧರಿರಿ, ಮುಂಚಿತವಾಗಿ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ಹಂಪಿ ನೋಡುವವರು ಹೊಸಪೇಟೆಯ ಬಸ್ ನಿಲ್ದಾಣದ ಸುತ್ತಲಿನ ಸಾದಾ ಲಾಡ್ಜುಗಳಲ್ಲಿ ಉಳಿದರೆ ಅಗ್ಗ. ಹಂಪಿಯ ಊರೊಳಗೆ ಮನೆಗಳಲ್ಲಿ ರೂಮು ಬಾಡಿಗೆಗೆ ಸಿಗುತ್ತದೆ. ಬಾಡಿಗೆ ತುಸು ಹೆಚ್ಚಾದರೂ ಸೂರ್ಯೋದಯಕ್ಕೆ ನಡೆದೇ ಹೋಗಬಹುದು. ಬೆಳಗಿನ ಆಟೊ ಬಾಡಿಗೆಯನ್ನು ಸೇರಿಸಿ ಎರಡನ್ನೂ ತೂಗಿ ನೋಡಿ. ಬೇಸಿಗೆ ಅಲ್ಲಿ ಪ್ರವಾಸಿಗರು ಕಡಿಮೆ ಇರುವ ಕಾಲ, ವಿನಯದಿಂದ ಕೇಳಿದರೆ ದರ ಇಳಿಸುತ್ತಾರೆ. ರೈಲು ಬದಲಿಸುವ ಊರಿನಲ್ಲಿ ನಾಲ್ಕಾರು ಗಂಟೆ ಒರಗಬೇಕಾದರೆ ದೊಡ್ಡ ನಿಲ್ದಾಣಗಳ ವಿಶ್ರಾಂತಿ ಕೊಠಡಿ ಮತ್ತು ಡಾರ್ಮಿಟರಿಗಳಿವೆ. ಖಚಿತ ಟಿಕೆಟ್ಟಿನ ಪಿಎನ್‌ಆರ್ ನಂಬರಿನ ಮೇಲೆ ಐಆರ್‌ಸಿಟಿಸಿಯಲ್ಲಿ ಕಾಯ್ದಿರಿಸಬಹುದು. ದೊಡ್ಡ ನಿಲ್ದಾಣಗಳ ಕ್ಲೋಕ್ ರೂಮಿನಲ್ಲಿ ಬೀಗ ಹಾಕಿದ ಚೀಲ ಇಟ್ಟು ಊರು ಸುತ್ತಬಹುದು. ಕ್ಯಾಮೆರಾವನ್ನು ಮಾತ್ರ ಅಲ್ಲಿಡಬೇಡಿ.

ಊಟದ ವಿಚಾರದಲ್ಲಿ ನಮ್ಮ ನಾಡಿನ ಬಡ ಪ್ರವಾಸಿ ಅದೃಷ್ಟವಂತ. ಹುಬ್ಬಳ್ಳಿಯ ಸಿದ್ಧಾರೂಢ ಮಠ, ತುಮಕೂರಿನ ಸಿದ್ಧಗಂಗಾ ಮಠ, ಧರ್ಮಸ್ಥಳ, ಹೊರನಾಡು, ಶೃಂಗೇರಿ ಇಲ್ಲೆಲ್ಲ ಬಂದವರಿಗೆ ಅನ್ನದಾಸೋಹವಿದೆ, ಯಾತ್ರಿಗಳಿಗೆ ತಂಗುವ ವ್ಯವಸ್ಥೆಯೂ ಇದೆ. ಆದರೆ ಅದು ಬಿಟ್ಟಿ ಹೋಟೆಲಲ್ಲ. ಪಂಕ್ತಿಯಲ್ಲಿ ಕೂತು, ಬಡಿಸಿದ್ದನ್ನು ಚೆಲ್ಲದೆ ಉಂಡು, ಕೈಲಾದಷ್ಟು ಕಾಣಿಕೆ ಹಾಕಿ ಏಳುವುದು ಮರ್ಯಾದೆ. ಉಣ್ಣುತ್ತಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬಾರದು. ಇಂದಿರಾ ಕ್ಯಾಂಟೀನು ಇರುವ ಊರಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಗದಗ, ಬಾದಾಮಿ ಕಡೆ ಖಾನಾವಳಿಯ ರೊಟ್ಟಿ ಊಟಕ್ಕೆ ಸಮ ಯಾವುದೂ ಇಲ್ಲ: ಜೋಳದ ರೊಟ್ಟಿ, ಪಲ್ಯ, ಕಾಳು, ಶೇಂಗಾ ಚಟ್ನಿ, ಮೊಸರು. ಮಧ್ಯಾಹ್ನ ಅದನ್ನು ಹೊಟ್ಟೆ ತುಂಬ ಉಂಡರೆ ರಾತ್ರಿ ಮಂಡಕ್ಕಿ ಮಿರ್ಚಿ ಸಾಕೆನಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಈ ಭಾಗದಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಎರಡು ಲೀಟರಿನ ಸ್ವಂತ ಬಾಟಲಿ ಒಯ್ಯಿರಿ, ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ತುಂಬಿಸಿಕೊಳ್ಳಿ. ದಿನಕ್ಕೆ ನಾಲ್ಕು ಬಾಟಲಿ ನೀರು ಕೊಂಡರೆ ಒಂದು ಊಟದ ದುಡ್ಡು ಹೋಯಿತು.

ಕ್ಯಾಮೆರಾ

ಹೊಸ ಕ್ಯಾಮೆರಾ ಕೊಂಡೇ ಹೊರಡಬೇಕೆಂಬ ಹಟ ಬೇಡ. ಮದುವೆ ಫೋಟೋ ತೆಗೆಯುವ ಸ್ಟುಡಿಯೋಗಳು ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿದ ಮೇಲೆ ಹಳೆಯ ಡಿಎಸ್‌ಎಲ್‌ಆರ್‌ಗಳು ಕಪಾಟಿನಲ್ಲಿ ಕೂತಿವೆ. ಪರಿಚಯದವರಿದ್ದರೆ ವಾರದ ಮಟ್ಟಿಗೆ ಕೇಳಿ ಪಡೆಯಬಹುದು, ಇಲ್ಲವೆ ಸೆಕೆಂಡ್ ಹ್ಯಾಂಡ್ ಕೊಳ್ಳಬಹುದು. ಕೊಳ್ಳುವಾಗ ನಾಲ್ಕು ಪರೀಕ್ಷೆ ಮಾಡಿ.

ಒಂದು, ಲೆನ್ಸಿನ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಫಂಗಸ್. ಮಲೆನಾಡು, ಕರಾವಳಿಯ ತೇವದಲ್ಲಿ ಇಟ್ಟ ಲೆನ್ಸುಗಳಿಗೆ ಹಿಡಿಯುವ ರೋಗ. ಅಂಥದ್ದು ಬೇಡ. ಎರಡು, ಅಪರ್ಚರ್ ಎಫ್/16 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ಹಿಗ್ಗಿಸಿ. ಮಸುಕಾದ ಚುಕ್ಕೆಗಳು ಸೆನ್ಸರಿನ ಮೇಲಿನ ಧೂಳು, ಅದನ್ನು ತೆಗೆಸಬಹುದು. ಜಾಗ ಬದಲಿಸದ ಬಣ್ಣದ ಚುಕ್ಕೆಗಳು ಕೆಟ್ಟ ಪಿಕ್ಸೆಲ್. ಮೂರು, ಶಟರ್ ಕೌಂಟ್ ಕೇಳಿ. ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್‌ಗಳ ಶಟರ್ ಸುಮಾರು 1 ಲಕ್ಷ ಕ್ಲಿಕ್ಕಿಗೆಂದು ಮಾಡಿರುವಂಥದ್ದು. ನಾಲ್ಕು, ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ ನೂರು ಫೋಟೋ ತೆಗೆದು ಎಷ್ಟು ಇಳಿಯಿತು ನೋಡಿ.

ಲೆನ್ಸು ಒಂದೇ ಸಾಕು, ಕ್ಯಾಮೆರಾ ಜೊತೆಗೇ ಬರುವ 18–55 ಎಂ.ಎಂ. ಹಂಪಿಯ ಬಂಡೆಗಳಿಗೂ ಖಾನಾವಳಿಯ ಒಲೆಗೂ ಅದೇ ಆಗುತ್ತದೆ. ಒಂದೇ ಲೆನ್ಸು ಇದ್ದರೆ ಧೂಳಿನಲ್ಲಿ ಬದಲಿಸುವ ಗೋಜಿಲ್ಲ. ಟ್ರೈಪಾಡ್ ಮನೆಯಲ್ಲೇ ಇರಲಿ. ಕತ್ತಲೆಯ ಗುಹೆಯಲ್ಲಿ ಚೀಲದ ಮೇಲೆ ಕ್ಯಾಮೆರಾ ಇಟ್ಟು, 2 ಸೆಕೆಂಡಿನ ಟೈಮರ್ ಹಾಕಿದರೆ ಕೈ ಅದುರದ ಚಿತ್ರ ಬರುತ್ತದೆ. ಕೈಯಲ್ಲೇ ಹಿಡಿಯಬೇಕಾದರೆ ಐಎಸ್‌ಒವನ್ನು 1600ಕ್ಕೆ ಏರಿಸಿ. ಸ್ವಲ್ಪ ಕಾಳುಕಾಳಾಗಿ ಬಂದರೂ ಅಲುಗಿದ ಚಿತ್ರಕ್ಕಿಂತ ಮೇಲು. ಕ್ಯಾಮೆರಾವೇ ಇಲ್ಲದಿದ್ದರೂ ಹೊರಡಿ. ಫೋನಿನಲ್ಲಿ ಗ್ರಿಡ್ ಗೆರೆ ಹಾಕಿಕೊಂಡು, ಬೆಳಕಿರುವ ಕಡೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡುವುದು ಕಲಿತರೆ ಈ ಲೇಖನದ ಉಳಿದ ಮಾತೆಲ್ಲ ನಿಮಗೂ ಅನ್ವಯಿಸುತ್ತದೆ.

ಕಂಪನಿಯ ಹೆಸರು ಕಾಣುವ ಕ್ಯಾಮೆರಾ ಬ್ಯಾಗು ಬೇಡ. ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ಕಾಲೇಜು ಬ್ಯಾಗಿನ ನಡುವೆ ಇಡಿ, ರೈಲಿನಲ್ಲಿ ಆ ಬ್ಯಾಗನ್ನೇ ತಲೆದಿಂಬಿನಂತೆ ಬಳಸಿ. ಹೊರಡುವ ಮುನ್ನ ಕ್ಯಾಮೆರಾ ಕೆಳಗಿನ ಸೀರಿಯಲ್ ನಂಬರಿನ ಫೋಟೋ ತೆಗೆದು ಮನೆಯವರಿಗೆ ಕಳಿಸಿರಿ. ಕಳೆದುಹೋದರೆ ಪೊಲೀಸರು ಮೊದಲು ಕೇಳುವುದು ಅದನ್ನೇ. ರೈಲಿನಲ್ಲಿ ಏನೇ ತೊಂದರೆಯಾದರೂ ಸಹಾಯವಾಣಿ 139.

ಬೆಳಕು ನೋಡಿ ದಿನ ಹಾಕಿಕೊಳ್ಳಿ

ಬೇಸಿಗೆಯಲ್ಲಿ ಈ ಭಾಗದಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ 6ರ ಸುಮಾರಿಗೆ, ಮುಳುಗುವುದು ಸಂಜೆ 6.30ರ ಆಚೆಗೆ. ಹುಟ್ಟಿದ ಮೇಲಿನ ಒಂದೂವರೆ ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ ನಿಮ್ಮ ಕೆಲಸದ ಹೊತ್ತು. ಆಗ ಬೆಳಕು ಓರೆಯಾಗಿ ಬಿದ್ದು ಕೆತ್ತನೆಯ ಒಂದೊಂದು ಗೆರೆಗೂ ನೆರಳು ಕೊಡುತ್ತದೆ. ಮಧ್ಯಾಹ್ನ ನೆರಳೆಲ್ಲ ಕಾಲಡಿ ಸೇರಿ ಶಿಲ್ಪ ಚಪ್ಪಟೆಯಾಗಿ ಕಾಣುತ್ತದೆ. ಹತ್ತೂವರೆಯಿಂದ ನಾಲ್ಕರ ತನಕ ಉಣ್ಣುವುದು, ಮಲಗುವುದು, ಬ್ಯಾಟರಿ ಚಾರ್ಜ್ ಮಾಡುವುದು, ವಸ್ತುಸಂಗ್ರಹಾಲಯ ನೋಡುವುದು. ಬಿಸಿಲು ಹೇಳುವುದೂ ಅದನ್ನೇ.

ಯಾವ ಗುಡಿ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದೇ ವೇಳಾಪಟ್ಟಿ. ಹಂಪಿಯ ವಿರೂಪಾಕ್ಷ ಗುಡಿಯ ಮುಖ ಪೂರ್ವಕ್ಕೆ, ಹಾಗಾಗಿ ದೊಡ್ಡ ಗೋಪುರ ಬೆಳಗುವುದು ಬೆಳಗ್ಗೆ. ಹಂಪಿ ಬಜಾರಿನ ಬೀದಿಯಲ್ಲಿ ನಿಂತು ತೆಗೆಯಿರಿ. ಮತಂಗ ಪರ್ವತದ ತುದಿಯಿಂದ ಸೂರ್ಯೋದಯ ಮತ್ತು ಕೆಳಗಿನ ಅಚ್ಯುತರಾಯ ಗುಡಿ ಒಟ್ಟಿಗೆ ಸಿಗುತ್ತವೆ. ಕತ್ತಲಲ್ಲಿ ಒಬ್ಬರೇ ಹತ್ತಬೇಡಿ. ಹಿಂದಿನ ದಿನ ಹಗಲಲ್ಲಿ ದಾರಿ ನೋಡಿಟ್ಟುಕೊಂಡು ಜೊತೆಯಲ್ಲಿ ಹೋಗಿ. ಸಂಜೆಗೆ ಹೇಮಕೂಟ. ಇವಕ್ಕೆಲ್ಲ ಟಿಕೆಟ್ ಇಲ್ಲ. ಕಡಲೆಕಾಳು ಗಣಪ, ಉಗ್ರ ನರಸಿಂಹ, ಬಡವಿಲಿಂಗ, ಕೃಷ್ಣ ಗುಡಿಗಳಿಗೂ ಇಲ್ಲ. ಹಂಪಿ ಬಜಾರಿನಿಂದ ನದಿ ದಂಡೆಯ ಕಾಲುದಾರಿ ಹಿಡಿದರೆ ಕೋದಂಡರಾಮ ಗುಡಿ, ಪುರಂದರ ಮಂಟಪ ನೋಡುತ್ತಾ ವಿಠ್ಠಲ ಗುಡಿ ತಲುಪಬಹುದು, ಆಟೊ ಬೇಕಿಲ್ಲ. ಹರಿಗೋಲು ಹತ್ತುವುದಾದರೆ ಮೊದಲೇ ದರ ಮಾತಾಡಿ. ತುಂಗಭದ್ರೆಗೆ ಈಜಲು ಇಳಿಯಬೇಡಿ, ಬಂಡೆಗಳ ನಡುವಿನ ಸೆಳೆತ ಮೇಲೆ ಕಾಣುವುದಿಲ್ಲ.

ಬಾದಾಮಿಯಲ್ಲಿ ಅಗಸ್ತ್ಯ ತೀರ್ಥದ ಪೂರ್ವದ ತುದಿಯಲ್ಲಿ ಭೂತನಾಥ ಗುಡಿಯಿದೆ, ಕೆರೆಯ ಕಡೆಗೆ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ. ಸಂಜೆಯ ಬೆಳಕು ನೇರ ಅದರ ಮೇಲೆ ಬಿದ್ದು ಕೆಂಪು ಮರಳುಗಲ್ಲು ಇನ್ನಷ್ಟು ಕೆಂಪಾಗುತ್ತದೆ. ಬೆಳಗ್ಗೆ ಪಟ್ಟದಕಲ್ಲಿಗೆ ಹೋಗಿ, ಅದು 22 ಕಿ.ಮೀ. ಅಲ್ಲಿನ ವಿರೂಪಾಕ್ಷ ಗುಡಿ ಪೂರ್ವಾಭಿಮುಖ. ಅಲ್ಲಿಂದ ಮುಂದೆ ಐಹೊಳೆ. ಬಸ್ಸು ಕಡಿಮೆ, ಹೋದ ಕೂಡಲೇ ಮರಳುವ ಬಸ್ಸಿನ ಹೊತ್ತು ಕೇಳಿಕೊಳ್ಳಿ. ಬಾದಾಮಿಯ ಮಂಗಗಳ ಬಗ್ಗೆ ಎಚ್ಚರ: ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿಯಬೇಡಿ, ಕ್ಯಾಮೆರಾ ಪಟ್ಟಿ ಕೊರಳಲ್ಲಿರಲಿ. ಜೂನ್ ಕೊನೆಗೆ ಹೋದವರಿಗೆ ಮಳೆ ಒಲಿದರೆ ಬಂಡೆಯಿಂದ ಧುಮುಕುವ ಅಕ್ಕ ತಂಗಿ ಜಲಪಾತವೂ ಸಿಗುತ್ತದೆ.

ಟಿಕೆಟ್ಟು, ಕಾಯ್ದೆ, ಕೇಳಿ ತೆಗೆಯುವುದು

ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಪ್ರವೇಶ ದರ ಸ್ಮಾರಕದ ದರ್ಜೆಯ ಮೇಲೆ ಭಾರತೀಯರಿಗೆ 40 ಅಥವಾ 25 ರೂಪಾಯಿ. ವಿಠ್ಠಲ ಗುಡಿ, ಪಟ್ಟದಕಲ್ಲು 40ರ ಪಟ್ಟಿಯಲ್ಲಿವೆ. ಬಾದಾಮಿ ಗುಹೆಗಳು, ಐಹೊಳೆ 25ರ ಪಟ್ಟಿಯಲ್ಲಿ. ನಗದು ಬಿಟ್ಟು ಆನ್‌ಲೈನಿನಲ್ಲಿ ಕೊಂಡರೆ 5 ರೂಪಾಯಿ ಕಡಿಮೆ. ವಿಠ್ಠಲ ಗುಡಿಯ ಟಿಕೆಟ್ ಅದೇ ದಿನ ಕಮಲ ಮಹಲಿನ ಆವರಣಕ್ಕೂ ನಡೆಯುತ್ತದೆ, ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಿ. ಏಪ್ರಿಲ್ 18ರ ವಿಶ್ವ ಪರಂಪರೆ ದಿನದಂದು ಸ್ಮಾರಕಗಳಿಗೆ ಸಾಮಾನ್ಯವಾಗಿ ಉಚಿತ ಪ್ರವೇಶ ಘೋಷಿಸುತ್ತಾರೆ. ಟಿಕೆಟ್ ಕೌಂಟರ್ ಸೂರ್ಯನ ಜೊತೆ ತೆರೆಯುವುದಿಲ್ಲ ಎಂಬುದು ನೆನಪಿರಲಿ. ಮೊದಲ ಬೆಳಕನ್ನು ಟಿಕೆಟ್ ಇಲ್ಲದ ಬಯಲಿನಲ್ಲಿ ಕಳೆದು ಆಮೇಲೆ ಅಲ್ಲಿಗೆ ಹೋಗಿ.

2018ರಿಂದ ಈ ಇಲಾಖೆಯ ಸ್ಮಾರಕಗಳ ಆವರಣದಲ್ಲಿ ಫೋಟೋ ತೆಗೆಯಲು ಅಡ್ಡಿಯಿಲ್ಲ. ಅಜಂತಾ ಗುಹೆ, ತಾಜ್ ಮಹಲಿನ ಸಮಾಧಿ ಕೊಠಡಿಯಂಥ ಕೆಲವು ಕಡೆ ಮಾತ್ರ ನಿಷೇಧ. ಟ್ರೈಪಾಡ್, ಬೇರೆ ದೀಪ, ಡ್ರೋನ್‌ಗಳಿಗೆ ಮುಂಚಿತ ಅನುಮತಿ ಬೇಕು. ಪೂಜೆ ನಡೆಯುವ ಗುಡಿಗಳ ಗರ್ಭಗುಡಿಯತ್ತ ಕ್ಯಾಮೆರಾ ಎತ್ತಬೇಡಿ. ಅಣೆಕಟ್ಟು, ಸೇನೆಗೆ ಸೇರಿದ ಜಾಗಗಳಲ್ಲಿ ಫಲಕ ಏನು ಹೇಳುತ್ತದೋ ಅದೇ ಕಾಯ್ದೆ. ರೈಲು ಹಳಿಗಿಳಿದು, ಬಾಗಿಲಿಗೆ ಜೋತು ಫೋಟೋ ತೆಗೆಯುವುದು ಅಪರಾಧ ಮತ್ತು ಪ್ರಾಣಕ್ಕೆ ಸಂಚಕಾರ.

ಜನರ ವಿಚಾರದಲ್ಲಿ ಕಾಯ್ದೆಗಿಂತ ನಡತೆ ಮುಖ್ಯ. ಕ್ಯಾಮೆರಾ ಹೊರತೆಗೆಯುವ ಮೊದಲು ಕೂತು ಮಾತಾಡಿ. ಊರು ಯಾವುದು, ಮಳೆ ಬೆಳೆ ಹೇಗೆ ಎಂದು ಕೇಳಿ. ಆಮೇಲೆ, ‘ಅಜ್ಜಾರ, ನಿಮ್ದೊಂದ್ ಫೋಟೋ ತಗೀಲೇನ್ರೀ?’ ಎಂದರೆ ಒಲ್ಲೆ ಎನ್ನುವವರು ಕಡಿಮೆ. ಒಲ್ಲೆ ಎಂದರೆ ನಕ್ಕು ಮುಂದೆ ಸಾಗಿ. ಕೆರೆ ಮೆಟ್ಟಿಲಲ್ಲಿ ಬಟ್ಟೆ ಒಗೆಯುವ ಹೆಂಗಸರನ್ನು, ಮೀಯುವವರನ್ನು ದೂರದಿಂದ ಕದ್ದು ತೆಗೆಯುವುದು ಬೇಡ. ಮಕ್ಕಳ ಫೋಟೋಕ್ಕೆ ಮನೆಯವರ ಒಪ್ಪಿಗೆ ಬೇಕು. ತೆಗೆದದ್ದನ್ನು ತೋರಿಸಿ, ವಾಟ್ಸ್‌ಆ್ಯಪ್ ಇದ್ದರೆ ಅಂದೇ ಕಳಿಸಿ. ಇಲ್ಲದವರ ಅಂಚೆ ವಿಳಾಸ ಬರೆದುಕೊಂಡು ಊರಿಗೆ ಬಂದ ಮೇಲೆ ಪ್ರಿಂಟ್ ಹಾಕಿಸಿ ಕಳಿಸಿ. ಕಳಿಸುತ್ತೇನೆಂದು ಹೇಳಿ ಮರೆತವರಿಂದಾಗಿಯೇ ಮುಂದೆ ಬರುವ ಹುಡುಗರಿಗೆ ಜನ ಮುಖ ತಿರುಗಿಸುವುದು.

ಕಾರ್ಡ್ ಮತ್ತು ಬ್ಯಾಕಪ್

24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಫೈಲ್ ಒಂದಕ್ಕೆ ಸುಮಾರು 25 ಎಂ.ಬಿ. ಬೇಕು, 32 ಜಿ.ಬಿ. ಕಾರ್ಡಿನಲ್ಲಿ 1,200ರಷ್ಟು ಹಿಡಿಯುತ್ತವೆ. ದೊಡ್ಡ ಅಳತೆಯ ಜೆಪೆಗ್ ಆದರೆ ಅದರ ಎರಡು ಪಟ್ಟಿಗಿಂತ ಹೆಚ್ಚು. ಲ್ಯಾಪ್‌ಟಾಪ್ ಇಲ್ಲದವರು ಜೆಪೆಗ್ ಇಟ್ಟುಕೊಂಡು, ಬಹಳ ಮುಖ್ಯವಾದ ದೃಶ್ಯಕ್ಕೆ ಮಾತ್ರ ರಾ ಬಳಸಿ. 128 ಜಿ.ಬಿ.ಯ ಒಂದೇ ಕಾರ್ಡಿಗಿಂತ 32 ಜಿ.ಬಿ.ಯ ಎರಡು ಕಾರ್ಡು ಲೇಸು. ಒಂದು ಕೆಟ್ಟರೆ ಪ್ರವಾಸವೆಲ್ಲ ಹೋಗುವುದಿಲ್ಲ. ಒಟಿಜಿ ಕಾರ್ಡ್ ರೀಡರ್ ಒಂದನ್ನು ಕೊಂಡರೆ ಪ್ರತಿ ಮಧ್ಯಾಹ್ನ ಫೋಟೋಗಳನ್ನು ಫೋನಿಗೆ ಇಳಿಸಬಹುದು. ಅದರಲ್ಲಿ ಹತ್ತಿಪ್ಪತ್ತನ್ನು ಆರಿಸಿ ಗೂಗಲ್ ಖಾತೆಯ ಉಚಿತ 15 ಜಿ.ಬಿ.ಯಲ್ಲಿ ಹಾಕಿ. ದಿನದ ಆಯ್ಕೆಯನ್ನು ಅಂದೇ ಮಾಡಿದರೆ ತಪ್ಪೂ ಅಂದೇ ಕಾಣುತ್ತದೆ, ಮರುದಿನ ಅದೇ ಜಾಗಕ್ಕೆ ಹೋಗಿ ತಿದ್ದಿಕೊಳ್ಳಬಹುದು. ಒಂದೇ ಊರಿನಲ್ಲಿ ಉಳಿಯುವುದರ ದೊಡ್ಡ ಲಾಭ ಇದು. ಮನೆಗೆ ಬಂದು ಎರಡು ಕಡೆ ಉಳಿಸುವ ತನಕ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಏನನ್ನು ತೆಗೆಯಬೇಕು?

ಹಂಪಿಯ ಕಲ್ಲಿನ ರಥದ ಚಿತ್ರ 50 ರೂಪಾಯಿ ನೋಟಿನ ಮೇಲೇ ಇದೆ. ಅದೇ ಕೋನದಲ್ಲಿ ಇನ್ನೊಂದು ತೆಗೆದು ಏನು ಫಲ? ದುಡ್ಡಿಲ್ಲದವರು ಮಾಡಬಹುದಾದ ಒಂದು ಗಟ್ಟಿ ಕೆಲಸವಿದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ ಹಂಪಿಯ ಚಿತ್ರಗಳನ್ನು ತೆಗೆದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಗ್ರೀನ್‌ಲಾ ಕಾಲದಲ್ಲಿ ಕಲ್ಲಿನ ರಥದ ನೆತ್ತಿಯಲ್ಲಿ ಇಟ್ಟಿಗೆಯ ಶಿಖರವಿತ್ತು, ಈಗಿಲ್ಲ. ಅದು ನಮಗೆ ಕಣ್ಣಾರೆ ಗೊತ್ತಾಗುವುದು ಆ ಹಳೆಯ ಚಿತ್ರದಿಂದ.

ಈ ಮರುಚಿತ್ರಣವನ್ನು ನೀವೂ ಮಾಡಬಹುದು. ಹಳೆಯ ಚಿತ್ರವೊಂದನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಅದರಲ್ಲಿ ಹತ್ತಿರದ ಒಂದು ಕಂಬ ಮತ್ತು ದೂರದ ಒಂದು ಬಂಡೆಯನ್ನು ಗುರುತಿಸಿ. ಚಿತ್ರದಲ್ಲಿ ಕಂಬದ ಅಂಚು ಬಂಡೆಯ ಅಂಚಿಗೆ ತಾಗಿದ್ದು, ನಿಮ್ಮ ಕಣ್ಣಿಗೆ ನಡುವೆ ಸಂದು ಕಂಡರೆ ನೀವು ನಿಂತ ಜಾಗ ಎಡಕ್ಕೋ ಬಲಕ್ಕೋ ಸರಿದಿದೆ ಎಂದರ್ಥ. ಅಂಚು ಕೂಡುವ ತನಕ ಹೆಜ್ಜೆ ಸರಿಸಿ. ಬಂಡೆಯ ಎದುರು ಕಂಬ ಹಳೆಯ ಚಿತ್ರದಲ್ಲಿರುವುದಕ್ಕಿಂತ ದೊಡ್ಡದಾಗಿ ಕಂಡರೆ ಹಿಂದಕ್ಕೆ ಸರಿಯಿರಿ. ಝೂಮ್ ತಿರುಗಿಸಿದರೆ ಚೌಕಟ್ಟು ಬದಲಾಗುತ್ತದೆಯೇ ಹೊರತು ಇವೆರಡರ ಸಂಬಂಧ ಬದಲಾಗುವುದಿಲ್ಲ. ಅದನ್ನು ಬದಲಿಸುವುದು ಕಾಲು ಮಾತ್ರ. ಕೊನೆಗೆ ನೆರಳು ಬಿದ್ದ ದಿಕ್ಕು ನೋಡಿ ಗಂಟೆ ಹೊಂದಿಸಿಕೊಳ್ಳಿ. ಈ ಒಂದು ಅಭ್ಯಾಸ ಕಲಿಸುವಷ್ಟು ಛಾಯಾಗ್ರಹಣವನ್ನು ಹತ್ತು ವಿಡಿಯೋ ಪಾಠಗಳು ಕಲಿಸಲಾರವು. ನಿಮ್ಮ ಮನೆಯ ಆಲ್ಬಮ್ಮಿನಲ್ಲಿ ಅಜ್ಜ ಅಜ್ಜಿ ಹಂಪಿಗೆ ಹೋದಾಗಿನ ಫೋಟೋ ಇದ್ದರೆ ಅಲ್ಲಿಂದಲೇ ಆರಂಭಿಸಿ.

ತೆಗೆದ ಚಿತ್ರ ಫೋನಿನಲ್ಲೇ ಕೊಳೆಯದಿರಲಿ. ಪ್ರತಿ ಸೆಪ್ಟೆಂಬರಿನಲ್ಲಿ ವಿಕಿಮೀಡಿಯಾದ ವಿಕಿ ಲವ್ಸ್ ಮಾನ್ಯುಮೆಂಟ್ಸ್ ಸ್ಪರ್ಧೆ ನಡೆಯುತ್ತದೆ. ಸ್ಮಾರಕಗಳ ಚಿತ್ರ ಹಾಕಲು ಶುಲ್ಕವಿಲ್ಲ. ಸ್ಪರ್ಧೆ ಇರಲಿ ಬಿಡಲಿ, ಕನ್ನಡ ವಿಕಿಪೀಡಿಯದಲ್ಲಿ ಚಿತ್ರವಿಲ್ಲದ ಎಷ್ಟೋ ಗುಡಿ, ವೀರಗಲ್ಲು, ಶಾಸನಗಳ ಪುಟಗಳಿಗೆ ನಿಮ್ಮ ಫೋಟೋ ಸೇರಿಸಬಹುದು.

ಹೊರಡುವ ಮುನ್ನ ಮೂರು ಕೆಲಸ ಮಾಡಿ. ಕೌನ್ಸೆಲಿಂಗ್ ದಿನಾಂಕಗಳನ್ನು ನೋಡಿಕೊಂಡು, ಅಂಕಪಟ್ಟಿ, ಆಧಾರ್‌ಗಳನ್ನು ಡಿಜಿಲಾಕರಿಗೆ ಹಾಕಿ. ದಾರಿಯಲ್ಲಿದ್ದಾಗ ಆಪ್ಷನ್ ಎಂಟ್ರಿ ತಪ್ಪಿಸಿಕೊಂಡರೆ ಯಾವ ಫೋಟೋವೂ ಆ ನಷ್ಟ ತುಂಬದು. ಎಲ್ಲಿ ತಂಗುತ್ತೀರಿ, ಯಾವ ರೈಲು ಎಂಬ ಪಟ್ಟಿಯನ್ನು ಮನೆಯಲ್ಲಿ ಬರೆದು ಅಂಟಿಸಿ, ರಾತ್ರಿ ಒಂದು ಫೋನು ತಪ್ಪಿಸಬೇಡಿ. ಮತ್ತು ನೀವು ಮಾಡಿಕೊಂಡ ಊರುಗಳ ಪಟ್ಟಿಯಲ್ಲಿ ಅರ್ಧದಷ್ಟನ್ನು ಹೊಡೆದುಹಾಕಿ. ಉಳಿದ ಊರುಗಳಿಗೆ ದುಡ್ಡೂ ಸಾಲುತ್ತದೆ, ಬೆಳಕೂ ಸಾಲುತ್ತದೆ.